ಏರೇಷನ್ ಟ್ಯಾಂಕ್‌ನ್ಯಾಗ ಗುಳ್ಳಿ ಸರಿ ಬರವಲ್ದಂದ್ರ: ಡಿಫ್ಯೂಸರ್ ಬಿಚ್ಚೋಕಿಂತ ಮೊದ್ಲು ನೋಡೋದು

ಹೊಲಸು ನೀರಿಗೆ ಗಾಳಿ ಊದೋ ತೊಟ್ಟಿ ಏರೇಷನ್ ಟ್ಯಾಂಕ್, ಗಾಳಿ ತಳ್ಳೋ ಮಷೀನ್ ಬ್ಲೋವರ್, ತಳದಾಗ ಆ ಗಾಳಿನ ಗುಳ್ಳಿ ಮಾಡಿ ಬಿಡೋದು ಡಿಫ್ಯೂಸರ್, ಅದರ ಮ್ಯಾಲಿನ ರಬ್ಬರ್ ಹಾಳಿ ಮೆಂಬ್ರೇನ್. ಗಂಗಾವತಿ ಕಾರಟಗಿ ಕಡೆ ರೈಸ್ ಮಿಲ್ಲಿನ ಇಟಿಪಿ (ಕಾರ್ಖಾನಿ ಹೊಲಸು ನೀರು ಶುದ್ಧ ಮಾಡೋ ಪ್ಲಾಂಟ್) ಇರ್ಲಿ, ಬಳ್ಳಾರಿ ಜೀನ್ಸ್ ವಾಷಿಂಗ್ ಯೂನಿಟ್ ಇರ್ಲಿ, ರಾಯಚೂರಿನ ಯಾವ್ದಾರ ಹಾಸ್ಟೆಲ್ ಎಸ್‌ಟಿಪಿ (ಬಚ್ಚಲು ಪಾಯಖಾನಿ ನೀರು ಶುದ್ಧ ಮಾಡೋ ಪ್ಲಾಂಟ್) ಇರ್ಲಿ, ಆಪರೇಟರ್ ಮಾಡೋ ಫೋನ್ ಹೆಚ್ಚುಕಮ್ಮಿ ಒಂದ ನಮೂನಿ ಇರ್ತೈತಿ. "ಸರ್, ಗಾಳಿ ಬರವಲ್ದು, ಡಿಓ (ನೀರಿನ್ಯಾಗ ಕರಗಿದ ಆಕ್ಸಿಜನ್) ಏರವಲ್ದು, ಮೆಂಬ್ರೇನ್ ಹೋಗ್ಯಾವ ಅನಸ್ತೈತಿ, ಪೂರ್ತಿ ಸೆಟ್ ಬದಲಿ ಮಾಡಿಬಿಡೋಣೇನ್ರಿ?" ಬ್ಯಾಡ್ರಿ, ಸ್ವಲ್ಪ ತಡೀರಿ. ಸೆಟ್ ಬದಲಿ ಅಂದ್ರ ಟ್ಯಾಂಕ್ ಖಾಲಿ ಮಾಡಬೇಕು, ಬೆಳಸಿದ ಸ್ಲಡ್ಜ್ (ಹೊಲಸು ತಿನ್ನೋ ಸೂಕ್ಷ್ಮಜೀವಿ ತುಂಬಿದ ಕೆಸರು) ಎಲ್ಲೋ ಇಡಬೇಕು, ಮತ್ತ ಬಗ್ಸ್, ಅಂದ್ರ ಆ ಸೂಕ್ಷ್ಮಜೀವಿ, ಎದ್ದು ನಿಲ್ಲೋತನಕ ಔಟ್‌ಲೆಟ್ ನೀರು ಕೆಟ್ಟ ಬರ್ತೈತಿ, ರೊಕ್ಕ ಅಂತೂ ಬ್ಯಾರೆನ. ಇಷ್ಟೆಲ್ಲಾ ಮಾಡಿದ ಮ್ಯಾಲೆ ತೊಂದ್ರಿ ಬ್ಲೋವರ್ ಬೆಲ್ಟ್‌ನ್ಯಾಗ ಇತ್ತು ಅಂತ ಗೊತ್ತಾದ್ರ ಹೊಟ್ಟಿ ಉರಿತೈತಿ. ಮತ್ತ ಮೆಂಬ್ರೇನ್ ಖರೇನ ಹೋಗಿದ್ರೂ ಯಾಕ ಹೋತು ಅಂತ ತಿಳಕೊಳ್ಳದ ಹೊಸಾದು ಹಾಕಿದ್ರ ಅದೂ ಅದ ದಾರಿ ಹಿಡಿತೈತಿ.

ಅದಕ್ಕ ಮೊದ್ಲು ಮೂರು ನೋಡ್ರಿ: ಬ್ಲೋವರ್ ಡಿಸ್ಚಾರ್ಜ್ ಗೇಜ್ (ಹೊರಬೀಳೋ ಗಾಳಿ ಒತ್ತಡ ತೋರಸೋದು), ಟ್ಯಾಂಕ್ ಮ್ಯಾಲಿನ ಗುಳ್ಳಿ, ಮೋಟರ್ ಆಂಪ್ಸ್ (ಮೋಟರ್ ಎಳಿಯೋ ಕರೆಂಟ್). ಮೂರನ್ನೂ ಒಂದ ಹೊತ್ತಿಗೆ ನೋಡಬೇಕು. ಒಂದರ ಮ್ಯಾಲೆ ತೀರ್ಮಾನ ಮಾಡಿದ್ರ ಮೋಸ ಹೋಗ್ತೀರಿ.

ಮೆಂಬ್ರೇನ್ ಏನು ಮಾಡ್ತೈತಿ ಅಂತ ಒಂದೆರಡು ಮಾತು. ಅದೊಂದು ರಬ್ಬರ್ ಹಾಳಿ, ನಮ್ ಕಡೆ ಹೆಚ್ಚಾಗಿ ಇಪಿಡಿಎಂ ಅನ್ನೋ ರಬ್ಬರ್, ಕೆಲವು ಕಡೆ ಸಿಲಿಕೋನ್ ಇಲ್ಲಾ ಪಾಲಿಯುರೆಥೇನ್. ಮೈತುಂಬ ಸೂಜಿಯಿಂದ ಸೀಳಿದಂಥ ಸಾವಿರಾರು ಸಣ್ಣ ಸೀಳು ಇರ್ತಾವ. ಕೆಳಗಿಂದ ಗಾಳಿ ಒತ್ತಿದ್ರ ರಬ್ಬರ್ ಉಬ್ಬಿ ಸೀಳು ತೆರಿತಾವ, 1ರಿಂದ 3 ಎಂಎಂ ಗುಳ್ಳಿ ಬರ್ತಾವ, ಗಾಳಿ ನಿಂತ್ರ ರಬ್ಬರ್ ಪ್ಲೇಟಿಗೆ ಅಂಟಿಕೊಂಡು ಸೀಳು ಮುಚ್ಚಿ ನೀರು ಒಳಗ ಹೋಗದಂಗ ತಡಿತೈತಿ. ಸಣ್ಣ ಗುಳ್ಳಿ ನಿಧಾನ ಮ್ಯಾಲೆ ಏರ್ತೈತಿ, ಅಷ್ಟೇ ಗಾಳಿಗೆ ನೀರಿನ ಜೋಡಿ ತಾಗೋ ಮೈ ಹೆಚ್ಚು ಸಿಗ್ತೈತಿ, ಅದಕ್ಕ ಆಕ್ಸಿಜನ್ ಹೆಚ್ಚು ಕರಗತೈತಿ. ತಿಳಿ ನೀರಿನ್ಯಾಗ ಒಂದು ಮೀಟರ್ ಆಳಕ್ಕ ಸುಮಾರು 6 ಪರ್ಸೆಂಟ್ ಆಕ್ಸಿಜನ್ ಕರಗತೈತಿ ಅಂತ ಲೆಕ್ಕ ಹಿಡೀತಾರ, ದೊಡ್ಡ ಗುಳ್ಳಿಯವಕ್ಕ ಅದರ ಅರ್ಧನೂ ಸಿಗೋದು ಕಷ್ಟ. ಪ್ಲಾಂಟಿನ ಕರೆಂಟ್ ಬಿಲ್‌ನ್ಯಾಗ ಅರ್ಧಕ್ಕಿಂತ ಹೆಚ್ಚು ಈ ಗಾಳಿಗೇ ಹೋಗೋದು, ಹಂಗಾಗಿ ಗುಳ್ಳಿ ದಪ್ಪ ಆತು ಅಂದ್ರ ರೊಕ್ಕ ನೀರಿನ್ಯಾಗ ಹೋತು ಅಂತನ ಅರ್ಥ.

ಗೇಜ್ ಏನು ಹೇಳತೈತಿ

ಇಲ್ಲೇ ಜಾಸ್ತಿ ಹೊತ್ತು ಕೂಡ್ರಬೇಕು, ಯಾಕಂದ್ರ ಅರ್ಧ ಉತ್ತರ ಇಲ್ಲೇ ಐತಿ. ಡಿಫ್ಯೂಸರ್ ಮ್ಯಾಲೆ ನೀರು ಎಷ್ಟು ಮೀಟರ್ ಐತಿ ಅಂತ ಕೋಲು ಬಿಟ್ಟು ಅಳೀರಿ, ಡ್ರಾಯಿಂಗ್ ನಂಬಬ್ಯಾಡ್ರಿ. ಒಂದು ಮೀಟರ್ ನೀರಿಗೆ 0.1 ಕೆಜಿ ಪ್ರೆಷರ್ (ಕೆಜಿ ಅಂದ್ರ ಇಲ್ಲಿ ಒಂದು ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ ಒತ್ತಡ). ಡಿಫ್ಯೂಸರ್ ಮ್ಯಾಲೆ 4 ಮೀಟರ್ ನೀರಿದ್ರ 0.4 ಕೆಜಿ. ಹೊಸಾ ಮೆಂಬ್ರೇನ್ ಸೀಳು ತೆರಿಯಾಕ ಇನ್ನೊಂದು 30-50 ಸೆಂಟಿಮೀಟರ್ ನೀರಿನಷ್ಟು ಒತ್ತಡ ಬೇಕು, ಅಂದ್ರ 0.03ರಿಂದ 0.05. ಪೈಪು ವಾಲ್ವಿಗೆ 0.02 ಹಿಡೀರಿ. ಒಟ್ಟು 0.45-0.47 ಬರಬೇಕು, ಇದು ನಿಮ್ಮ ಟ್ಯಾಂಕಿನ ಆರೋಗ್ಯದ ನಂಬರ್.

ಈಗ ಗೇಜ್ 0.6 ತೋರಸ್ತೈತಿ ಅನ್ನೋಣ. ಮೊದ್ಲು ನೀರಿನ ಲೆವೆಲ್ ನೋಡ್ರಿ, ಔಟ್‌ಲೆಟ್ ಕಟ್ಟಿ ಲೆವೆಲ್ ಏರೈತೇನು. ಲೆವೆಲ್ ಸರಿ ಇದ್ರ, ಯಾರೋ ವಾಲ್ವ್ ಅರ್ಧ ಮುಚ್ಯಾರೇನು. ಅದೂ ಇಲ್ಲಂದ್ರ ಮೆಂಬ್ರೇನ್ ಚೋಕ್ ಆಗ್ಯಾವ. ಪ್ರೆಷರ್ ತಿಂಗಳಗಟ್ಟಲೆ ಚೂರು ಚೂರು ಏರ್ಕೋತ ಬಂದಿದ್ರ ಚೋಕ್, ರಾತ್ರೋರಾತ್ರಿ ಏರಿದ್ರ ವಾಲ್ವ್ ಇಲ್ಲಾ ಲೆವೆಲ್. ಲೋಬ್ ಬ್ಲೋವರ್ ಒಂದ ಸ್ಪೀಡ್‌ಗೆ ಹೆಚ್ಚುಕಮ್ಮಿ ಒಂದ ಅಳತಿ ಗಾಳಿ ತಳ್ಳೋ ಮಷೀನ್, ಎದುರಿಗೆ ಕಟ್ಟಿದ್ರೂ ತಳ್ಳತೈತಿ, ಹಂಗಾಗಿ ಆಂಪ್ಸ್ ಏರ್ತೈತಿ, ಬಿಸಿ ಏರ್ತೈತಿ, ಕಡೀಕ ರಿಲೀಫ್ ವಾಲ್ವ್ ಬಿಚ್ಚಿ ಬುಸ್ ಅಂತ ಗಾಳಿ ಹೊರಗ ಬಿಡ್ತೈತಿ. ಆ ಸಪ್ಪಳಕ್ಕ ರಿಲೀಫ್ ವಾಲ್ವ್ ಕೆಟ್ಟೈತಿ ಅಂತ ಸ್ಪ್ರಿಂಗ್ ಬಿಗಿ ಮಾಡೋರು ಅದಾರ, ದಯವಿಟ್ಟು ಹಂಗ ಮಾಡಬ್ಯಾಡ್ರಿ, ಬ್ಲೋವರ್ ಉಳಿಸೋದ ಅದು.

ಗೇಜ್ ಕಮ್ಮಿ ತೋರಿಸಿದ್ರ ಏನು? ಇದನ್ನ ಬಾಳ ಮಂದಿ ಗಮನಾನ ಕೊಡಂಗಿಲ್ಲ. 4 ಮೀಟರ್ ಕೆಳಗಿರೋ ಡಿಫ್ಯೂಸರ್‌ದಿಂದ ಒಂದ ಒಂದು ಗುಳ್ಳಿ ಬರಬೇಕಾದ್ರೂ ಗೇಜ್ 0.4 ದಾಟಿರಬೇಕು. ಗೇಜ್ 0.25 ಐತಿ, ಆದ್ರೂ ಟ್ಯಾಂಕ್‌ನ್ಯಾಗ ಗುಳ್ಳಿ ಏಳಾಕತ್ತಾವ ಅಂದ್ರ ಆ ಗಾಳಿ ಎರಡೂವರೆ ಮೀಟರ್ ಆಳದೊಳಗ, ಅಂದ್ರ ನಡುವ ಎಲ್ಲೋ ಸೋರಾಕತ್ತೈತಿ. ಡ್ರಾಪರ್ ಪೈಪ್ (ಮ್ಯಾಲಿಂದ ತಳಕ್ಕ ಗಾಳಿ ಇಳಿಸೋ ಪೈಪ್) ಒಡದೈತಿ, ಇಲ್ಲಾ ಫ್ಲ್ಯಾಂಜ್ (ಪೈಪಿನ ಬೋಲ್ಟ್ ಜಾಯಿಂಟ್) ಬಿಟ್ಟೈತಿ. ಮೆಂಬ್ರೇನ್ ಮುಟ್ಟೋ ಕೆಲಸಾನ ಇಲ್ಲ, ಡ್ರಾಪರ್ ಸುತ್ತ ದೊಡ್ಡ ಗುಳ್ಳಿ ಎಲ್ಲಿ ಏಳಾಕತ್ತೈತಿ ನೋಡ್ರಿ, ಸಿಗ್ತೈತಿ.

ಇನ್ನೊಂದು ಕಾರಣ ಐತಿ, ಸಣ್ಣ ಎಸ್‌ಟಿಪಿಗಳಾಗ ಇದ ಹೆಚ್ಚು. ಒಂದ ಬ್ಲೋವರ್‌ದಿಂದ ಏರೇಷನ್ ಟ್ಯಾಂಕಿಗೂ ಈಕ್ವಲೈಸೇಷನ್ ಟ್ಯಾಂಕಿಗೂ (ಬಂದ ಹೊಲಸು ನೀರು ಮೊದ್ಲು ಕೂಡಿಸಿಡೋ ಟ್ಯಾಂಕ್) ಗಾಳಿ ಕೊಟ್ಟಿರ್ತಾರ. ಗಾಳಿ ಯಾವಾಗ್ಲೂ ಸಸಾರ ದಾರಿ ಹುಡುಕತೈತಿ. ಹಾಸ್ಟೆಲ್‌ನ್ಯಾಗ ಹುಡುಗ್ರು ಮಲಗಿದ ಮ್ಯಾಲೆ ನೀರು ಬರೋದು ನಿಂತು, ಪಂಪ್ ಮಾತ್ರ ಎತ್ತಕೋತ ಹೋಗಿ, ಬೆಳಗಿನ ಜಾವಕ್ಕ ಈಕ್ವಲೈಸೇಷನ್ ಟ್ಯಾಂಕ್‌ನ್ಯಾಗ ಒಂದು ಮೀಟರ್ ನೀರು ಉಳಿದಿರ್ತೈತಿ, ಅಲ್ಲಿ 0.1 ಕೆಜಿ ಸಾಕು, ಗಾಳಿ ಎಲ್ಲಾ ಅಲ್ಲೇ ಓಡ್ತೈತಿ. ಆಪರೇಟರ್ ಬೆಳಿಗ್ಗೆ ಬಂದು ಏರೇಷನ್ ಟ್ಯಾಂಕ್ ನೋಡಿದ್ರ ಗುಳ್ಳಿ ಇಲ್ಲ, ಮೆಂಬ್ರೇನ್ ಹೋಗ್ಯಾವ ಅಂತ ಫೋನ್. ಹತ್ತು ಗಂಟೆಗೆ ಸ್ನಾನದ ನೀರು ಬಂದು ಲೆವೆಲ್ ಏರಿದ ಮ್ಯಾಲೆ ತಾನ ಸರಿಯಾಗಿರ್ತೈತಿ. ಬೆಳಿಗ್ಗೆ ಕೆಟ್ಟು ಮಧ್ಯಾಹ್ನ ಸರಿಯಾಗೋ ತೊಂದ್ರಿ ಮೆಂಬ್ರೇನ್‌ದಲ್ಲ ಅಂತ ಗಟ್ಟಿಯಾಗಿ ಹೇಳಬಹುದು. ಬ್ಯಾರೆ ಬ್ಲೋವರ್ ಕೊಡೋದು ಖಾಯಂ ಪರಿಹಾರ, ಆಗಲ್ಲ ಅಂದ್ರ ಈಕ್ವಲೈಸೇಷನ್ ಲೈನಿನ ವಾಲ್ವನ್ನ ಕಮ್ಮಿ ಲೆವೆಲ್ ಇದ್ದಾಗ ಹಿಡಿದು ಸೆಟ್ ಮಾಡಿ ಹ್ಯಾಂಡಲ್ ತಗದಿಟ್ಟುಬಿಡ್ರಿ.

ಒಂದು ಎಚ್ಚರ. ಲೋಬ್ ಬ್ಲೋವರ್ ಅದುರಾಟಕ್ಕ ಗೇಜ್ ಬೇಗ ಹಾಳಾಗ್ತಾವ, ಮುಳ್ಳು ಅಲ್ಲೇ ಅಂಟಿ ಕುಂತಿರ್ತೈತಿ. ಬ್ಲೋವರ್ ಬಂದ್ ಮಾಡಿ ಲೈನಿನ ಗಾಳಿ ಬಿಟ್ಟಾಗ ಮುಳ್ಳು ಸೊನ್ನಿಗೆ ಬರ್ತೈತೋ ಇಲ್ಲೋ ನೋಡಿ ಆಮ್ಯಾಲೆ ನಂಬ್ರಿ. ಗ್ಲಿಸರಿನ್ ಗೇಜ್ ಹಾಕ್ರಿ, ನಡುವ ಒಂದು ಸಣ್ಣ ವಾಲ್ವ್ ಕೊಟ್ಟು ರೀಡಿಂಗ್ ಬೇಕಾದಾಗ ಅಷ್ಟ ತೆಗೀರಿ.

ಗೇಜ್ ಸರಿ ಐತಿ ಅಂದ್ರ ಗಾಳಿ ಸರಿ ಐತಿ ಅಂತ ಅಲ್ಲ

ಗೇಜ್‌ನ್ಯಾಗ ಹೆಚ್ಚಿನ ಪಾಲು ನೀರಿನ ಭಾರ. ಗಾಳಿ ಅರ್ಧಕ್ಕ ಇಳಿದ್ರೂ ಮುಳ್ಳು 0.46 ಇದ್ದದ್ದು 0.43ಕ್ಕ ಬರಬಹುದು ಅಷ್ಟ, ಕಣ್ಣಿಗೆ ಕಾಣಂಗೂ ಇಲ್ಲ. ಅದಕ್ಕ ಆಂಪ್ಸ್ ಬೇಕು, ಬ್ಲೋವರ್ ಪುಲ್ಲಿ ಆರ್‌ಪಿಎಂ ಬೇಕು. ಬೆಲ್ಟ್ ಸ್ಲಿಪ್ ಆಗಾಕತ್ತಿದ್ರ ಮೋಟರ್ ಸರಿಯಾಗೇ ತಿರಗತೈತಿ, ಬ್ಲೋವರ್ ನಿಧಾನ ಆಗಿರ್ತೈತಿ, ಆಂಪ್ಸ್ ಕಮ್ಮಿ ಬರ್ತೈತಿ, ಗಾರ್ಡ್ ಒಳಗ ಕರೀ ರಬ್ಬರ್ ಪುಡಿ ಬಿದ್ದಿರ್ತೈತಿ, ಚಾಲೂ ಮಾಡೋವಾಗ ಕೀಂಯ್ ಅಂತ ಚೀರತೈತಿ.

ಇನ್ನ ಸಕ್ಷನ್ ಫಿಲ್ಟರ್. ಇದು ನಮ್ ಸೀಮಿ ರೋಗ ಅಂತನ ಹೇಳಬೇಕು. ಸಂಡೂರು ತೋರಣಗಲ್ಲು ಕಡೆ ಅದಿರಿನ ಕೆಂಪು ಧೂಳು, ರೈಸ್ ಮಿಲ್‌ನ್ಯಾಗ ಹೊಟ್ಟಿನ ಧೂಳು, ರಾಯಚೂರಿನ ಜಿನ್ನಿಂಗ್ ಮಿಲ್‌ನ್ಯಾಗ ಹತ್ತಿ ತುಪ್ಪಳ. ಕಂಪ್ನಿ ಮ್ಯಾನ್ಯುಯಲ್‌ನ್ಯಾಗ ಬರೆದ ಟೈಮಿಗೆ ಫಿಲ್ಟರ್ ಝಾಡಿಸಿದ್ರ ಇಲ್ಲಿ ಸಾಲಂಗಿಲ್ಲ, ವಾರಕ್ಕೊಮ್ಮೆ ಬಿಚ್ಚಿ ನೋಡ್ರಿ. ಫಿಲ್ಟರ್ ಕಟ್ಟಿದ್ರ ಗಾಳಿ ಕಮ್ಮಿ ಆಗ್ತೈತಿ, ಬ್ಲೋವರ್ ಕುದೀತೈತಿ. ಫಿಲ್ಟರ್ ಹರದಿದ್ರ ಅದಕ್ಕಿಂತ ಕೆಟ್ಟ, ಧೂಳು ಸೀದಾ ಹೋಗಿ ಮೆಂಬ್ರೇನ್ ಒಳಮೈಗೆ ಕೂಡತೈತಿ. ಹೊರಗ ನೋಡಿದ್ರ ಮೆಂಬ್ರೇನ್ ಸ್ವಚ್ಛ, ಪ್ರೆಷರ್ ಮಾತ್ರ ಇಳಿಯವಲ್ದು ಅಂತ ತಲಿ ಕೆಡಿಸ್ಕೋತಾರಲ್ಲ, ಅದರ ಕಾರಣ ಇದು. ಎಂಎಸ್ (ಸಾದಾ ಕಬ್ಬಿಣ) ಪೈಪ್ ಹೆಡರ್ (ಗಾಳಿ ಹಂಚೋ ದೊಡ್ಡ ಪೈಪ್) ಇದ್ರ ಒಳಗಿನ ತುಕ್ಕು ಉದುರಿ ಅದನ್ನ ಮಾಡ್ತೈತಿ. ಹೊರಗ ಎಷ್ಟು ತೊಳದ್ರೂ ಈ ಒಳಗಿನ ಚೋಕ್ ಹೋಗಂಗಿಲ್ಲ, ಬಿಚ್ಚಲೇಬೇಕು.

ಟ್ಯಾಂಕ್ ಮ್ಯಾಲೆ ನಿಂತು ನೋಡೋದು

ನೊರಿ ಇದ್ರ ಪೈಪ್‌ನ್ಯಾಗ ನೀರು ಹೊಡದು ಸರಸ್ರಿ. ಆಮ್ಯಾಲೆ ಗಾಳಿನ ಕಮ್ಮಿ ಮಾಡ್ರಿ. ಎಲ್ಲಾರೂ ಫುಲ್ ಗಾಳಿ ಬಿಟ್ಟು ನೋಡ್ತಾರ, ಆದ್ರ ಫುಲ್ ಗಾಳಿಗೆ ಎಲ್ಲಾ ಒಂದ ನಮೂನಿ ಕುಣಿತೈತಿ, ದೋಷ ಮುಚ್ಚಿ ಹೋಗ್ತೈತಿ. ಕಮ್ಮಿ ಗಾಳಿಗೆ ಹರಿದ ಜಾಗಕ್ಕ ಗಾಳಿ ಓಡಿ ಬಂದು ಅಲ್ಲಿ ಮಾತ್ರ ಗಂಜಿ ಕುದ್ದಂಗ ಕೊತಕೊತ ಏಳ್ತೈತಿ. ಒಂದ ಜಾಗದಾಗ ಹಿಂಗ ದೊಡ್ಡ ಗುಳ್ಳಿ ಎದ್ರ ಒಂದು ಮೆಂಬ್ರೇನ್ ಹರದೈತಿ, ಇಲ್ಲಾ ಡಿಸ್ಕ್ ಡಿಫ್ಯೂಸರಿನ ರಿಂಗ್ ಸಡಲಾಗೈತಿ, ಇಲ್ಲಾ ಟ್ಯೂಬ್ ಡಿಫ್ಯೂಸರಿನ ಕ್ಲ್ಯಾಂಪ್ ಜಾರೈತಿ, ಇಲ್ಲಾ ಲ್ಯಾಟರಲ್ (ಹೆಡರ್‌ದಿಂದ ಡಿಫ್ಯೂಸರಿಗೆ ಹೋಗೋ ಕವಲು ಪೈಪ್) ಜಾಯಿಂಟ್ ಬಿಟ್ಟೈತಿ. ಅದೊಂದು ಸರಿ ಮಾಡಿದ್ರ ಆತು, ಉಳಿದವು ಏನೂ ಆಗಿರಂಗಿಲ್ಲ.

ಒಂದು ಕಡೆ ಗುಳ್ಳಿ ಚೊಲೊ, ಇನ್ನೊಂದು ಕಡೆ ಸತ್ತಂಗ ಐತಿ ಅಂದ್ರ ಬ್ಯಾರೆ ಕಥಿ. ಹೆಡರ್ ಲೆವೆಲ್ ತಪ್ಪಿರಬಹುದು. ಗಾಳಿ ತುಂಬಿದ ಪೈಪ್ ನೀರಿನ್ಯಾಗ ತೇಲಾಕ ನೋಡ್ತೈತಿ, ತಳದ ಸಪೋರ್ಟ್ ಬೋಲ್ಟ್ ತುಕ್ಕು ಹಿಡಿದು ಬಿಟ್ರ ಒಂದು ತುದಿ ಎದ್ದು ನಿಲ್ಲತೈತಿ, ಎದ್ದ ತುದಿಗೆ ಗಾಳಿ ಎಲ್ಲಾ, ಕೆಳಗಿನ ತುದಿಗೆ ಏನೂ ಇಲ್ಲ. ಒಂದು ಸೆಂಟಿಮೀಟರ್ ಮ್ಯಾಲೆ ಫರಕು ಬಂದ್ರ ಕಮ್ಮಿ ಗಾಳಿಗೆ ಕಾಣಾಕ ಶುರು ಆಗ್ತೈತಿ. ಇಲ್ಲಾಂದ್ರ ಲ್ಯಾಟರಲ್ ಒಳಗ ನೀರು ನಿಂತಿರ್ತೈತಿ. ಪರ್ಜ್ ಲೈನ್ (ಒಳಗ ನಿಂತ ನೀರು ಹೊರಗ ಹಾಕೋ ಸಣ್ಣ ಪೈಪ್) ಇದ್ರ ಅದರ ವಾಲ್ವ್ ತೆಗೀರಿ, ಬರೋ ನೀರು ಕೈಯಾಗ ಹಿಡಿದು ನೋಡ್ರಿ. ತಿಳಿ ನೀರು ಒಂದಿಷ್ಟು ಬಂದು ಆಮ್ಯಾಲೆ ಬರೇ ಗಾಳಿ ಬಂತು ಅಂದ್ರ ಅದು ಬಿಸಿ ಗಾಳಿ ತಣ್ಣಗಾಗಿ ಇಳಿದ ನೀರು, ವಾರಕ್ಕೊಮ್ಮೆ ಹಿಂಗ ತೆಗದ್ರ ಸಾಕು. ಕಂದು ಬಣ್ಣದ ಸ್ಲಡ್ಜ್ ನೀರು ಬಂತು ಅಂದ್ರ ಎಲ್ಲೋ ಮೆಂಬ್ರೇನ್ ಇಲ್ಲಾ ಜಾಯಿಂಟ್ ತೂತಾಗೈತಿ, ಕರೆಂಟ್ ಹೋದಾಗ್ಲೆಲ್ಲ ಅಲ್ಲಿಂದ ಸ್ಲಡ್ಜ್ ಒಳಗ ನುಗ್ಗಾಕತ್ತೈತಿ, ಇದನ್ನ ಬಿಟ್ರ ಒಂದು ತೂತಿನಿಂದ ಇಡೀ ಗ್ರಿಡ್ (ಒಂದ ಲೈನಿಗೆ ಕೂಡಿಸಿದ ಡಿಫ್ಯೂಸರ್ ಸೆಟ್) ಒಳಗಿಂದ ಕಟ್ಟತೈತಿ. ಬ್ಯಾಸಿಗ್ಯಾಗ ನಮ್ ಕಡೆ ಕರೆಂಟ್ ಎಷ್ಟು ಸರ್ತಿ ಹೋಗಿ ಬರ್ತೈತಿ ನಿಮಗ ಗೊತ್ತ ಐತಿ.

ಗುಳ್ಳಿ ಚೊಲೊ ಐತಿ, ಡಿಓ ಇಲ್ಲ

ಇದಕ್ಕ ಮೊದ್ಲು ಮೀಟರ್ ನೋಡ್ರಿ, ಸೆನ್ಸರ್ ಒರೆಸಿ ಗಾಳಿಯಾಗ ಹಿಡಿದು ಕ್ಯಾಲಿಬ್ರೇಟ್ ಮಾಡ್ರಿ. ಬ್ಯಾಸಿಗಿ ಲೆಕ್ಕಾನೂ ಇಟ್ಕೊಳ್ರಿ, 20 ಡಿಗ್ರಿ ನೀರಿನ್ಯಾಗ ಆಕ್ಸಿಜನ್ 9.1 ಮಿಲಿಗ್ರಾಂತನಕ ಕರಗತೈತಿ, 30 ಡಿಗ್ರಿಗೆ 7.5 ಅಷ್ಟ, ಮ್ಯಾಲೆ ಬಗ್ಸ್ ತಿನ್ನೋದೂ ಬಿಸಿಲಿಗೆ ಜೋರಾಗ್ತೈತಿ. ಡಿಸೆಂಬರ್‌ನ್ಯಾಗ 2 ಇದ್ದ ಡಿಓ ಏಪ್ರಿಲ್‌ನ್ಯಾಗ ಅದ ಗಾಳಿಗೆ 1 ಬಂದ್ರ ಮೆಂಬ್ರೇನ್ ಮ್ಯಾಲೆ ಗೂಬಿ ಕೂಡಿಸಬ್ಯಾಡ್ರಿ.

ಆಮ್ಯಾಲೆ ಒಂದು ಬಾಟಲಿ ಪರೀಕ್ಷೆ, ಖರ್ಚಿಲ್ಲದ್ದು. ಟ್ಯಾಂಕಿನ ನೀರು ಬಾಟಲಿಯೊಳಗ ಅರ್ಧ ತುಂಬಿ ಜೋರಾಗಿ ಅಲುಗಾಡಿಸಿ ಡಿಓ 5-6ಕ್ಕ ಏರಿಸ್ರಿ. ಆಮ್ಯಾಲೆ ಅದನ್ನ ಸಣ್ಣ ಬಾಟಲಿಗೆ ಬಾಯಿತನಕ ಸುರುವಿ, ಗಾಳಿ ಸೇರದಂಗ ಪ್ರೋಬ್ ಇಳಿಸಿ, ತಿರುವಿಕೋತ ನಿಮಿಷಕ್ಕೊಮ್ಮೆ ಬರಕೊಳ್ರಿ. 6 ಇದ್ದದ್ದು ಐದು ನಿಮಿಷಕ್ಕ 2ಕ್ಕ ಬಂತು ಅಂದ್ರ ತಾಸಿಗೆ 48 ಮಿಲಿಗ್ರಾಂ ತಿನ್ನಾಕತ್ತಾವ, ಬಗ್ಸ್ ಗಟ್ಟಿ ಅದಾವ. ಎರಡ ನಿಮಿಷಕ್ಕ ಖಾಲಿ ಮಾಡಿದ್ರ ಲೋಡ್ ಹೆಚ್ಚಾಗೈತಿ, ರೈಸ್ ಮಿಲ್‌ನ್ಯಾಗ ಭತ್ತ ನೆನೆಸಿದ ನೀರು ಒಮ್ಮೆಲೆ ಬಿಟ್ಟಿರ್ತಾರ, ಅದಕ್ಕ ಎಷ್ಟು ಗಾಳಿ ಕೊಟ್ರೂ ಸಾಲಂಗಿಲ್ಲ, ಸ್ವಲ್ಪ ಸ್ವಲ್ಪ ಬಿಡೋ ವ್ಯವಸ್ಥಾ ಮಾಡಬೇಕು. ಬಾಟಲಿಯಾಗ ನಿಧಾನ ಇಳಿತೈತಿ, ಆದ್ರ ಟ್ಯಾಂಕ್‌ನ್ಯಾಗ ಡಿಓ ಇಲ್ಲ ಅಂದ್ರ ಗಾಳಿನ ನೀರಿಗೆ ಕರಗವಲ್ದು, ಆಗ ಮೆಂಬ್ರೇನ್ ಮ್ಯಾಲೆ ಸಂಶಯ ಪಡ್ರಿ. ಬಾಟಲಿಯಾಗ ಇಳಿಯವಲ್ದು, ಟ್ಯಾಂಕ್‌ನ್ಯಾಗೂ ಡಿಓ 5 ದಾಟೈತಿ ಅಂದ್ರ ಖುಷಿ ಪಡಬ್ಯಾಡ್ರಿ, ಬಗ್ಸ್ ಸತ್ತಾವ. ಜೀನ್ಸ್ ವಾಷಿಂಗ್‌ನ್ಯಾಗ ಬ್ಲೀಚಿನ ನೀರು ಸೀದಾ ಬಂದ್ರ ಹಿಂಗಾಗ್ತೈತಿ.

ಜೀನ್ಸ್ ನೀರಿನ್ಯಾಗ ಇನ್ನೊಂದು ಐತಿ. ಸೋಪು, ಸಾಫ್ಟ್‌ನರ್ ಗುಳ್ಳಿ ಸುತ್ತ ಪೊರಿ ಕಟ್ಟಿ ಆಕ್ಸಿಜನ್ ದಾಟದಂಗ ಮಾಡ್ತಾವ. ತಿಳಿ ನೀರಿನ್ಯಾಗ ಕರಗೋದರ ಅರ್ಧ ಕರಗಿದ್ರ ಹೆಚ್ಚು, ಡಿಸೈನ್ ಮಾಡೋವಾಗ ಇದನ್ನ ಹಿಡಿಲಿಲ್ಲ ಅಂದ್ರ ಹೊಸಾ ಮೆಂಬ್ರೇನ್ ಹಾಕಿದ್ರೂ ಡಿಓ ಬರಂಗಿಲ್ಲ. ಮ್ಯಾಲೆ ಸ್ಟೋನ್ ವಾಷ್ ಮಾಡಿದ ಪ್ಯೂಮಿಸ್ ಕಲ್ಲಿನ ಪುಡಿ, ಏರೇಷನ್‌ಗಿಂತ ಮೊದಲಿನ ಸೆಟ್ಲಿಂಗ್ ಟ್ಯಾಂಕ್‌ನ್ಯಾಗ ತಳಕ್ಕ ಕೂಡದಿದ್ರ ಅದು ಸೀದಾ ಬಂದು ಡಿಫ್ಯೂಸರ್ ಮ್ಯಾಲೆ ಕೂಡತೈತಿ, ಕರೆಂಟ್ ಹೋದಾಗಂತೂ ಮೆತ್ತಿಬಿಡತೈತಿ.

ಖರೇನ ಮೆಂಬ್ರೇನ್ ಅಂತ ಆದ ಮ್ಯಾಲೆ

ಎತ್ತೋ ವ್ಯವಸ್ಥಾ ಇದ್ರ ಒಂದು ಗ್ರಿಡ್ ಎತ್ರಿ, ಇಲ್ಲಾಂದ್ರ ಟ್ಯಾಂಕ್ ಖಾಲಿ ಮಾಡಿದಾಗ ಒಂದ ಒಂದು ಪೀಸ್ ಬಿಚ್ಚಿ ಹೊರಗ ತಂದು ನೆರಳಾಗ ಕುಂತು ನೋಡ್ರಿ. ಮೈಮ್ಯಾಲೆ ಉಗುರಿನಿಂದ ಕೆರೀರಿ. ಬೂದಿ ಬಣ್ಣದ ಗಟ್ಟಿ ಪದರ ಉಗುರಿಗೆ ಹುಡಿ ಹುಡಿಯಾಗಿ ಬರ್ತೈತಿ, ಅದರ ಮ್ಯಾಲೆ ಒಂದು ಹನಿ ಆಸಿಡ್ ಹಾಕಿದ್ರ ಚುಂಯ್ ಅಂತ ನೊರಿ ಬರ್ತೈತಿ ಅಂದ್ರ ಸುಣ್ಣದ ಪದರ. ಕೊಪ್ಪಳ ರಾಯಚೂರು ಬೋರಿನ ಗಡಸು ನೀರಿಗೆ ಇದು ಮಾಮೂಲಿ. ಗುಳ್ಳಿ ಹೊರಗ ಬೀಳೋ ಜಾಗದಾಗ ನೀರಿನೊಳಗಿನ ಕಾರ್ಬನ್ ಡೈಆಕ್ಸೈಡ್ ಹಾರಿ ಹೋಗ್ತೈತಿ, ಅಲ್ಲೇ ಪಿಎಚ್ ಏರಿ ಸುಣ್ಣ ಸೀಳಿನ ತುಟಿಗೇ ಕಟ್ಟತೈತಿ. ಲೋಳಿ ಲೋಳಿಯಾಗಿ ಬಂದ್ರ ಬಗ್ಸಿನ ಪದರ, ಗಂಜಿ ನೀರಿನ ಲೋಡ್ ಹೆಚ್ಚಿದ್ದಲ್ಲಿ ಇರ್ತೈತಿ, ಮೆತ್ತನ್ನ ಬ್ರಷ್ಷು ನೀರಿಗೆ ಹೋಗ್ತೈತಿ.

ಆಮ್ಯಾಲೆ ರಬ್ಬರ್ ಮಡಚ್ರಿ, ಎಳೀರಿ. ಹಳೇ ಟೈರಿನಂಗ ಬಿರುಸಾಗಿ, ಅಗಲ ಕುಗ್ಗಿ, ಮಡಚಿದಲ್ಲಿ ಬಿರುಕು ಬಿಟ್ರ ಅದರೊಳಗಿನ ಎಣ್ಣಿ ಅಂಶ ಹೊರಗ ಹೋಗೈತಿ. ಎಳದಲ್ಲಿ ಸಡಲಾಗಿ, ಉಬ್ಬಿ, ಸೀಳು ಬಾಯಿ ತಗದಂಗ ಇದ್ರ ನೀರಿನೊಳಗಿನ ಎಣ್ಣಿನ ಅದು ಕುಡದೈತಿ. ರೈಸ್ ಬ್ರ್ಯಾನ್, ಹತ್ತಿಕಾಳು ಎಣ್ಣಿ ಮಿಲ್‌ನ್ಯಾಗ ಇಪಿಡಿಎಂ ಗತಿ ಹಿಂಗ, ಡೀಸೆಲ್ ಸಾಲ್ವೆಂಟ್ ಬಂದ್ರ ಇನ್ನೂ ಬೇಗ. ಅಲ್ಲಿ ಆಯಿಲ್ ಟ್ರ್ಯಾಪ್ ಮೊದ್ಲು ಸರಿ ಮಾಡ್ರಿ, ಆಮ್ಯಾಲೆ ಸಿಲಿಕೋನ್ ಇಲ್ಲಾ ಪಾಲಿಯುರೆಥೇನ್ ವಿಚಾರ ಮಾಡ್ರಿ. ಸಿಲಿಕೋನ್ ಬೇಗ ಹರಿತೈತಿ ಅನ್ನೋದು ನೆನಪಿರ್ಲಿ, ಪಾಲಿಯುರೆಥೇನ್ ಬಿಸಿ ನೀರಿಗೆ ತಾಳಂಗಿಲ್ಲ, ಹಂಗಾಗಿ ಬಾಯ್ಲರ್ ಬಿಸಿ ನೀರು ಬರೋ ಮಿಲ್‌ಗೆ ನಾನಂತೂ ಅದನ್ನ ಹೇಳಂಗಿಲ್ಲ.

ಬಿಸಿ ಗಾಳಿ ವಿಚಾರಾನೂ ಇಲ್ಲೇ ಹೇಳಿಬಿಡ್ತೀನಿ. 0.5 ಕೆಜಿಗೆ ಗಾಳಿ ಒತ್ತಿದ್ರ ಅದು ಸುಮಾರು 45-50 ಡಿಗ್ರಿ ಬಿಸಿ ಏರ್ತೈತಿ. ಮೇ ತಿಂಗಳಾಗ ತಗಡಿನ ಬ್ಲೋವರ್ ರೂಮ್ ಒಳಗ 45 ಇದ್ರ ಹೊರಬೀಳೋ ಗಾಳಿ 90ರ ಮ್ಯಾಲೆ. ನೀರಿನ ಮ್ಯಾಲಿನ ಲೈನ್ ಪಿವಿಸಿ ಹಾಕಿದ್ರ ಮೆತ್ತಗಾಗಿ ಜೋತು ಬೀಳ್ತೈತಿ. ನೀರಿನೊಳಗ ಇಳಿಯೋತನಕ ಜಿಐ (ಸತು ಲೇಪಿಸಿದ ಕಬ್ಬಿಣ) ಇಲ್ಲಾ ಸ್ಟೀಲ್ ಹಾಕ್ರಿ, ಬ್ಲೋವರ್‌ಗೆ ಹೊರಗಿನ ನೆರಳಿನ ಗಾಳಿ ಬರೋವಂಗ ಕಿಂಡಿ ಮಾಡ್ರಿ, ಎಕ್ಸಾಸ್ಟ್ ಫ್ಯಾನ್ ಕೊಡ್ರಿ.

ಬಿಚ್ಚದ ತೊಳಿಯೋ ದಾರಿನೂ ಐತಿ. ವಾರಕ್ಕೊಮ್ಮೆ ಬ್ಲೋವರ್ ಬಂದ್ ಮಾಡಿ ಲೈನಿನ ಗಾಳಿ ಪೂರ್ತಿ ಬಿಡ್ರಿ, ಮೆಂಬ್ರೇನ್ ಪ್ಲೇಟಿಗೆ ಅಂಟತೈತಿ, ಮತ್ತ ಚಾಲೂ ಮಾಡಿ ಉಬ್ಬಿಸ್ರಿ, ಹಿಂಗ ಎರಡ್ಮೂರು ಸರ್ತಿ. ಆಮ್ಯಾಲೆ ಉಳಿದ ಗ್ರಿಡ್ ವಾಲ್ವ್ ಸ್ವಲ್ಪ ಸ್ವಲ್ಪ ಮುಚ್ಚಿಕೋತ ಒಂದೊಂದು ಗ್ರಿಡ್‌ಗೆ ಹೆಚ್ಚು ಗಾಳಿ ಐದಾರು ನಿಮಿಷ ಕೊಡ್ರಿ, ಗೇಜ್ ಮ್ಯಾಲೆ ಕಣ್ಣಿರ್ಲಿ, ಡಿಫ್ಯೂಸರಿಗೆ ಸಪ್ಲೈಯರ್ ಹೇಳಿದ ಮಿತಿ ದಾಟಬ್ಯಾಡ್ರಿ. ಎಳೇ ಪದರ ಇದ್ರ ಒಡದು ಹೋಗ್ತೈತಿ. ಸುಣ್ಣ ಗಟ್ಟಿ ಕಟ್ಟಿದ್ರ ಏರ್ ಲೈನಿಗೆ ಫಾರ್ಮಿಕ್ ಆಸಿಡ್ ಡೋಸ್ ಮಾಡೋ ಪದ್ಧತಿ ಐತಿ, ಅದನ್ನ ಸಪ್ಲೈಯರ್ ಕೊಟ್ಟ ಅಳತಿಯಾಗ, ಪೈಪ್ ಯಾವುದು ಅಂತ ನೋಡಿನ ಮಾಡ್ರಿ. ಆಸಿಡ್ ಮತ್ತ ಬ್ಲೀಚ್ ಒಂದ ದಿನ ಒಂದ ಲೈನಿಗೆ ಎಂದೂ ಹಾಕಬ್ಯಾಡ್ರಿ, ಕ್ಲೋರಿನ್ ಗ್ಯಾಸ್ ಬರ್ತೈತಿ. ಬಿಚ್ಚಿ ತೊಳಿಯೋವಾಗ ತಂತಿ ಬ್ರಷ್ ಬ್ಯಾಡ, ಜೆಟ್ ಪಂಪ್ ಹತ್ರದಿಂದ ಹೊಡಿಬ್ಯಾಡ್ರಿ.

ಟ್ಯಾಂಕ್ ಒಳಗ ಇಳಿಯೋದು ಅಂದ್ರ ಜೀವದ ಮಾತು, ಇದನ್ನ ನಾನು ಸುಮ್ನ ಬರಿಯಾಕತ್ತಿಲ್ಲ. ಗಾಳಿ ನಿಂತ ಸ್ಲಡ್ಜ್ ಕೆಲವ ತಾಸಿನ್ಯಾಗ ಕೊಳೀತೈತಿ, ಕೆದಕಿದ್ರ ಹೈಡ್ರೋಜನ್ ಸಲ್ಫೈಡ್ ಏಳ್ತೈತಿ, ಹೆಚ್ಚಾದ್ರ ಅದರ ವಾಸನಿನೂ ಮೂಗಿಗೆ ಗೊತ್ತಾಗಂಗಿಲ್ಲ. ಗ್ಯಾಸ್ ಮೀಟರ್ ಇಳಿಬಿಟ್ಟು ಆಕ್ಸಿಜನ್ 19.5 ಪರ್ಸೆಂಟ್ ಮ್ಯಾಲೆ ಐತಿ ಅಂತ ನೋಡದ, ಫ್ಯಾನ್ ಹಚ್ಚದ, ಬೆಲ್ಟು ಹಗ್ಗ ಕಟ್ಟದ, ಮ್ಯಾಲೆ ಇಬ್ರು ನಿಲ್ಲದ ಯಾರನ್ನೂ ಇಳಿಸಬ್ಯಾಡ್ರಿ. ಒಬ್ಬ ಬಿದ್ದಾನ ಅಂತ ಇನ್ನೊಬ್ಬ ಹಂಗ ಜಿಗಿದ್ರ ಇಬ್ರೂ ಹೋಗ್ತಾರ. ಗಾಳಿ ಚಾಲೂ ಇರೋ ಟ್ಯಾಂಕಿಗೆ ಬಿದ್ರೂ ಅಷ್ಟ, ಗುಳ್ಳಿ ತುಂಬಿದ ನೀರು ಹಗುರ ಆಗಿರ್ತೈತಿ, ಚೊಲೊ ಈಜು ಬರೋನೂ ತೇಲಾಕ ಆಗಂಗಿಲ್ಲ, ಮೊದ್ಲು ಬ್ಲೋವರ್ ಬಂದ್ ಮಾಡ್ರಿ, ಆಮ್ಯಾಲೆ ತೇಲೋ ಟ್ಯೂಬ್ ಎಸೀರಿ.

ಹೊಸಾ ಮೆಂಬ್ರೇನ್ ಹಾಕಿದ ಮ್ಯಾಲೆ ಖಾಲಿ ಟ್ಯಾಂಕ್‌ನ್ಯಾಗ ಬಿಸಿಲಿಗೆ ಬಿಡಬ್ಯಾಡ್ರಿ, ಬಿಸಿಲಿಗೆ ರಬ್ಬರ್ ಸಾಯತೈತಿ. ಅವತ್ತ ತಿಳಿ ನೀರು ಡಿಫ್ಯೂಸರ್ ಮುಳುಗಿ ಒಂದು ಗೇಣು ಮ್ಯಾಲೆ ಬರೋತನಕ ತುಂಬಿಸಿ ಕಮ್ಮಿ ಗಾಳಿ ಬಿಡ್ರಿ, ಎಲ್ಲಾವುದರ ಮ್ಯಾಲೆ ಒಂದ ಸಮ ಗುಳ್ಳಿ ಏಳಬೇಕು, ಲೆವೆಲ್ ತಪ್ಪಿದ್ದು, ರಿಂಗ್ ಸಡಲು ಇದ್ದದ್ದು ಆಗಲೇ ಕಾಣತೈತಿ, ಅಲ್ಲೇ ಬಿಗಿ ಮಾಡ್ರಿ. ಅದಾದ ಮ್ಯಾಲೆ ಟ್ಯಾಂಕ್ ತುಂಬಿಸಿ ಲೆವೆಲ್, ಗೇಜ್, ಆಂಪ್ಸ್ ಮೂರನ್ನೂ ತಾರೀಕಿನ ಜೋಡಿ ಬ್ಲೋವರ್ ರೂಮಿನ ಗ್ವಾಡಿ ಮ್ಯಾಲೆ ಪೇಂಟ್‌ನ್ಯಾಗ ಬರಸ್ರಿ. ರಿಜಿಸ್ಟರ್ ಕಳೀತೈತಿ, ಆಪರೇಟರ್ ಬದಲಿ ಆಗ್ತಾನ, ಗ್ವಾಡಿ ಎಲ್ಲೂ ಹೋಗಂಗಿಲ್ಲ.